ಎಲ್ಲಿಗೆ ಅಂತ ಕೇಳಬಾರದು

ಶಿಕಾರಿಪುರದ ಪಂಪ್‌ಸೆಟ್ ಅಂಗಡಿಯ ನಾಗರಾಜಪ್ಪನವರು ಬಲು ಸಿಟ್ಟಿನ ಮನುಷ್ಯ ಎಂದು ಊರವರೆಲ್ಲ ಹೇಳುತ್ತಿದ್ದರು. ನಾಗರಾಜಪ್ಪನವರು ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ. ಒಪ್ಪುವುದಿಲ್ಲ ಎನ್ನುವಾಗಲೂ ಗಲ್ಲಾಪೆಟ್ಟಿಗೆಯ ಮೇಲೆ ಒಂದು ಗುದ್ದು ಬೀಳುತ್ತಿತ್ತು. "ನನಗೆ ಸಿಟ್ಟು ಬರೋದೇ ಇಲ್ಲ. ಜನ ಬರಿಸ್ತಾರೆ" ಎಂಬುದು ಅವರ ವಾದ.

ಹಾಗೆ ಸಿಟ್ಟು ಬರಿಸುವ ಜನರಲ್ಲಿ ಮೊದಲನೆಯ ಸ್ಥಾನ, ಮನೆಯಿಂದ ಹೊರಟವರನ್ನು "ಎಲ್ಲಿಗೆ ಹೊಂಟ್ರಿ?" ಎಂದು ಕೇಳುವವರಿಗೆ. ಹಾಗೆ ಕೇಳಬಾರದು ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಕೇಳದಿದ್ದರೆ ನಿದ್ದೆ ಬರುವುದಿಲ್ಲ ಎನ್ನುವವರು "ದೂರಾನಾ?" ಎನ್ನಬಹುದು. ಹೊರಟವರು "ಹೂಂ, ಇಲ್ಲೇ" ಎಂದು ಅರ್ಥವಿಲ್ಲದ ಉತ್ತರ ಕೊಟ್ಟು ಮುಂದೆ ಹೋಗಬಹುದು. ಯಾರಾದರೂ ಬಾಯಿತಪ್ಪಿ "ಎಲ್ಲಿಗೆ" ಎಂದುಬಿಟ್ಟರೋ, ಹೊರಟ ಕೆಲಸ ಅಲ್ಲಿಗೇ ಕೆಟ್ಟಿತು. ಅದಕ್ಕೆ ಪರಿಹಾರವೂ ಉಂಟು. ಒಳಗೆ ಬಂದು ಕೂತು, ಮೂರು ಗುಟುಕು ನೀರು ಕುಡಿದು, ಹೊಸದಾಗಿ ಹೊರಟಂತೆ ಹೊರಡಬೇಕು.

ನಾಗರಾಜಪ್ಪನವರ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಒಂದು ಪ್ರವಾಸವೂ ಪೂರ್ತಿಯಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಮೈಸೂರಿಗೆಂದು ಹೊರಟವರು ತರೀಕೆರೆಯಿಂದ ವಾಪಸ್ಸಾದರು. ಕಂಡಕ್ಟರನ ಜೊತೆ ಕಿಟಕಿ ಗಾಜಿನ ವಿಷಯಕ್ಕೆ ಜಗಳವಾಗಿತ್ತು. ಜೋಗಕ್ಕೆ ಹೊರಟವರು ಸಾಗರದಿಂದ ವಾಪಸ್ಸಾದರು; ಹೋಟೆಲಿನಲ್ಲಿ ಸಾಂಬಾರು ತಣ್ಣಗಿತ್ತು. ಕಾರವಾರದ ಸಮುದ್ರ ನೋಡಲು ಹೊರಟವರು ಶಿರಸಿಯಿಂದ ವಾಪಸ್ಸಾದರು. ಅಲ್ಲಿ ಯಾರೋ ಇವರನ್ನು ಏಕವಚನದಲ್ಲಿ ಮಾತಾಡಿಸಿದ್ದ. ಮೂರೂ ಸಲ ಹೊರಡುವಾಗ ಯಾರೋ "ಎಲ್ಲಿಗೆ" ಎಂದು ಕೇಳಿದ್ದೇ ಕಾರಣವೆಂದು ನಾಗರಾಜಪ್ಪನವರು ಇಂದಿಗೂ ಸಾಧಿಸುತ್ತಾರೆ. ಮೂರೂ ಸಲ ಅವರ ಹೆಂಡತಿ ಗಂಗಾಶ್ರೀ ಒಂದು ಮಾತಾಡದೆ ಬ್ಯಾಗು ಎತ್ತಿಕೊಂಡು ಗಂಡನ ಹಿಂದೆ ವಾಪಸ್ಸು ಬಸ್ಸು ಹತ್ತಿದ್ದಳು.

ಗಂಗಾಶ್ರೀಗೆ ಈಗ ನಲವತ್ತೇಳು. ಹುಟ್ಟಿದ್ದು ಸೊರಬದ ಜಡೆ, ಕೊಟ್ಟದ್ದು ಶಿಕಾರಿಪುರ. ಎರಡೂ ಊರಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಸಮುದ್ರ. ಅಷ್ಟು ಹತ್ತಿರವಿದ್ದ ಸಮುದ್ರವನ್ನು ಅವಳು ಈವರೆಗೆ ಟೀವಿಯಲ್ಲಿ ಮಾತ್ರ ನೋಡಿದ್ದಳು. ಈ ವರ್ಷ ಸೊರಬದ ತಮ್ಮ ರೇಣುಕಾಪ್ರಸಾದನನ್ನು ಕೂರಿಸಿಕೊಂಡು ಅವಳೇ ಗೋವಾಕ್ಕೆ ವಿಮಾನದ ಟಿಕೆಟ್ ಮಾಡಿಸಿದಳು. ವಿಮಾನವೇ ಯಾಕೆಂದು ತಮ್ಮ ಕೇಳಿದ್ದಕ್ಕೆ, "ಬಸ್ಸಾದ್ರೆ ಇಳಿದುಬಿಡ್ತಾರೆ. ಕಾರಾದ್ರೆ ತಿರುಗಿಸಿಬಿಡ್ತಾರೆ. ವಿಮಾನದಿಂದ ಹೆಂಗೆ ಇಳೀತಾರೋ ನೋಡ್ತೀನಿ" ಎಂದಳು. ನಾಗರಾಜಪ್ಪನವರು ಒಪ್ಪಿದ್ದು ಬೇರೆ ಕಾರಣಕ್ಕೆ. ಅವರ ಬೀದಿಯಲ್ಲಿ ಇನ್ನೂ ಯಾರೂ ವಿಮಾನ ಹತ್ತಿರಲಿಲ್ಲ.

ಹೊರಡುವ ದಿನ ಬೆಳಗಿನ ಆರಕ್ಕೇ ನಾಗರಾಜಪ್ಪನವರು ಮನೆಯನ್ನು ಪೊಲೀಸು ಬಂದೋಬಸ್ತಿಗೆ ತಂದರು. ರೇಣುಕಾಪ್ರಸಾದನ ಕಾರು ಹಿಂದಿನ ಓಣಿಯಲ್ಲಿ ನಿಲ್ಲಬೇಕು. ಗಂಗಾಶ್ರೀ ಹಳೆಯ ಸೀರೆಯಲ್ಲೇ ಹೊರಡಬೇಕು. ತಾಯಿ ಹಾಲಮ್ಮ ಗುಡಿಗೆ ಹೊರಟವರಂತೆ ಕೈಯಲ್ಲಿ ಹೂವಿನ ಬುಟ್ಟಿ ಹಿಡಿದಿರಬೇಕು. ಸೂಟ್‌ಕೇಸುಗಳು ಯಾರ ಕಣ್ಣಿಗೂ ಬೀಳದಂತೆ ಯೂರಿಯಾ ಚೀಲದೊಳಗೆ ಇರಬೇಕು. ಇಷ್ಟೆಲ್ಲ ಏರ್ಪಾಡು ಮಾಡಿ ಹಿತ್ತಲ ಬಾಗಿಲು ತೆಗೆದರೆ, ಎದುರಿಗೇ ಪಕ್ಕದ ಮನೆ ದ್ಯಾಮಮ್ಮ ಕಸಬರಿಗೆ ಹಿಡಿದು ನಿಂತಿದ್ದಳು. ಹಿಂದಿನ ಓಣಿಯನ್ನು ದ್ಯಾಮಮ್ಮ ಗುಡಿಸಿದ್ದು ಅದೇ ಮೊದಲು.

"ಏನ್ರೀ ಸಾಹುಕಾರ್ರೆ, ಹೊತ್ತಾರೆನೇ ಗೊಬ್ಬರದ ಚೀಲಕ್ಕೆ ಗಾಲಿ ಹಚ್ಚಿಸ್ಕೊಂಡು ಎಲ್ಲಿಗೆ ಹೊಂಟ್ರಿ?"

ನಾಗರಾಜಪ್ಪನವರ ಕಿವಿ ಕೆಂಪಾಯಿತು. "ಒಳಗೆ ನಡೀರಿ ಎಲ್ರೂ!"

ಎಲ್ಲರೂ ಒಳಗೆ ಬಂದು ಕೂತು ನೀರು ಕುಡಿದರು. ನಾಗರಾಜಪ್ಪನವರು ಮೂರು ಗುಟುಕು ಕುಡಿದರು. ಹಾಲಮ್ಮ ಮೂರು ಲೋಟ ಕುಡಿದರು. ಎಪ್ಪತ್ನಾಲ್ಕು ವರ್ಷದ ಆ ಮುದುಕಿಗೆ ದೇವರ ವಿಷಯದಲ್ಲಾಗಲಿ ನೀರಿನ ವಿಷಯದಲ್ಲಾಗಲಿ ಕಡಿಮೆ ಮಾಡಿ ಗೊತ್ತಿರಲಿಲ್ಲ.

ಎರಡನೆಯ ಸಲ ಬಾಗಿಲು ತೆಗೆದಾಗ ದ್ಯಾಮಮ್ಮ ಅಲ್ಲೇ ಇದ್ದಳು. "ಅಯ್ಯ, ಎಲ್ಲಿಗೂ ಹೋಗ್ಲಿಲ್ಲೇನ್ರಿ?"

ಇದು ಕೇಳಿದಂತಾಯಿತೋ ಇಲ್ಲವೋ ಎಂದು ಹೊಸ್ತಿಲ ಮೇಲೆ ಚರ್ಚೆಯಾಯಿತು. "ಹೋಗ್ಲಿಲ್ಲೇನು ಅಂತ ಕೇಳ್ಯಾರೆ. ಹೋಗ್ತೀರೇನು ಅಂತ ಅಲ್ಲ" ಎಂದಳು ಗಂಗಾಶ್ರೀ. "ಹೆಂಗಾರ ಕೇಳ್ಲಿ, ಕೇಳಿದ್ದು ಕೇಳಿದ್ದೇ" ಎಂದು ಹಾಲಮ್ಮ ತೀರ್ಪು ಕೊಟ್ಟು ತಾವೇ ಮೊದಲು ಒಳಗೆ ಹೋಗಿ ಕೂತರು. ಮತ್ತೆ ಮೂರು ಲೋಟ.

ನಾಗರಾಜಪ್ಪನವರಿಗೆ ಇನ್ನು ತಡೆಯಲಾಗಲಿಲ್ಲ. ಚಪ್ಪಲಿ ಮೆಟ್ಟಿ ದ್ಯಾಮಮ್ಮನ ಎದುರು ಹೋಗಿ ನಿಂತರು.

"ದ್ಯಾಮಮ್ಮಾರೆ, ನಿಮಗೆ ಬುದ್ಧಿ ಐತೇನು? ಹೊಂಟೋರ್ನ ಹಂಗೆ ಕೇಳ್ಬಾರ್ದು ಅಂತ ಗೊತ್ತಿಲ್ಲೇನು?"

"ಹೆಂಗೆ ಕೇಳ್ಬಾರ್ದ್ರಿ?"

"ಎಲ್ಲಿಗೆ ಹೊಂಟ್ರಿ ಅಂತ ಕೇಳ್ಬಾರ್ದು!"

"ನಾಗರಾಜಾ," ಒಳಗಿನಿಂದ ಹಾಲಮ್ಮನ ದನಿ ಬಂತು, "ಈ ಸಲ ನೀನೇ ಅಂದ್ಯಲ್ಲೋ. ಬಾ ಒಳಗೆ."

ಹೀಗೆ ಮೂರು ಸಲ ಒಳಗೆ ಬಂದು, ನಾಲ್ಕನೆಯ ಸಲ ಹೊರಟು ಅವರು ಕಾರು ಹತ್ತಿದರು. ದಾರಿಯಲ್ಲಿ ಹಾಲಮ್ಮನಿಗಾಗಿ ಕಾರು ಎರಡು ಸಲ ನಿಂತಿತು. ಎರಡನೆಯ ಸಲ ನಿಂತಾಗ ರೇಣುಕಾಪ್ರಸಾದ ಸ್ಟೇರಿಂಗಿನ ಮೇಲೆ ಗಲ್ಲ ಊರಿ, "ಎಂತ ಭಾವ, ವಯಸ್ಸಾದವ್ರಿಗೆ ಇಷ್ಟು ನೀರು ಕುಡಿಸೋದಾ? ವಿಮಾನ ನಮ್ಮಮ್ಮನ ಮನೆಯದ್ದಲ್ಲ ಮಾರಾಯ್ರೆ, ಬೇಕಾದಲ್ಲಿ ನಿಲ್ಸಕ್ಕೆ" ಎಂದ. "ನೀನು ಬಾಯಿ ಮುಚ್ಕೊಂಡು ಗಾಡಿ ಹೊಡಿ" ಎಂದರು ನಾಗರಾಜಪ್ಪನವರು. ಹಿಂದಿನ ಸೀಟಿನಲ್ಲಿ ಗಂಗಾಶ್ರೀ ಹಳೆಯ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು.

ಶಿವಮೊಗ್ಗದ ವಿಮಾನ ನಿಲ್ದಾಣದ ಬಾಗಿಲಲ್ಲಿ ಬಂದೂಕು ಹಿಡಿದ ಜವಾನ ಟಿಕೆಟ್ಟನ್ನೂ ಆಧಾರ್ ಕಾರ್ಡನ್ನೂ ನೋಡಿ, ನಾಗರಾಜಪ್ಪನವರ ಮುಖ ನೋಡಿ, "ಕಹಾಂ ಜಾನಾ ಹೈ?" ಎಂದ.

ನಾಗರಾಜಪ್ಪನವರಿಗೆ ಹಿಂದಿ ಅಷ್ಟಕ್ಕಷ್ಟೆ. ಆದರೆ ಇದು ಮಾತ್ರ ಕೂಡಲೇ ಅರ್ಥವಾಯಿತು.

"ಇವನಪ್ಪನ! ಇವನೂ ಅದನ್ನೇ ಕೇಳ್ತಾನಲ್ಲೇ!"

"ಹಿಂದೀಲಿ ಕೇಳಿದ್ರೆ ತಟ್ಟಲ್ಲ ಬಿಡ್ರಿ" ಎಂದಳು ಗಂಗಾಶ್ರೀ.

"ದೇವ್ರಿಗೆ ಹಿಂದಿ ಬರಲ್ಲ ಅಂತ ನಿನಗ್ಯಾರು ಹೇಳಿದ್ರು?"

ಬಾಗಿಲ ಪಕ್ಕದ ಕಟ್ಟೆಯ ಮೇಲೆ ಮೂವರೂ ಕೂತರು, ಬಾಟಲಿಯ ನೀರು ಕುಡಿದರು, ಎದ್ದು ಬಂದು ಹೊಸದಾಗಿ ಸಾಲಿನಲ್ಲಿ ನಿಂತರು. ಜವಾನ ಅದೇ ಜವಾನ, ಅವನ ಪ್ರಶ್ನೆಯೂ ಅದೇ. ಮತ್ತೆ ಕಟ್ಟೆ, ಮತ್ತೆ ನೀರು. ಮೂರನೆಯ ಸಲ ಅವನು ಪ್ರಶ್ನೆ ಕೇಳದೆ ತನ್ನ ಮೇಲಧಿಕಾರಿಯನ್ನು ಕರೆದ. ಟಿಕೆಟ್ ಇದ್ದೂ ಎರಡು ಸಲ ಬಾಗಿಲ ತನಕ ಬಂದು ವಾಪಸ್ಸು ಹೋದ, ಯೂರಿಯಾ ಚೀಲದಲ್ಲಿ ಸೂಟ್‌ಕೇಸು ತಂದ ಮನುಷ್ಯನನ್ನು ಯಾವ ಅಧಿಕಾರಿ ತಾನೇ ಬಿಟ್ಟಾನು? ಚೀಲ ಬಿಚ್ಚಿಸಿದರು. ಚೀಲದೊಳಗಿನ ಸೂಟ್‌ಕೇಸು ಬಿಚ್ಚಿಸಿದರು. ಸೂಟ್‌ಕೇಸಿನೊಳಗಿನ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಂಗಾಶ್ರೀ ಸಮುದ್ರಕ್ಕೆಂದೇ ಕೊಂಡಿದ್ದ ಹಸಿರು ಬಣ್ಣದ ಹೊಸ ಸೀರೆ ಎಲ್ಲವನ್ನೂ ಹತ್ತು ಜನರ ಎದುರು ಮೇಜಿನ ಮೇಲೆ ಹರವಿದರು.

ಅಧಿಕಾರಿ ಕನ್ನಡದವರೇ. "ಯಜಮಾನ್ರೆ, ಎಲ್ಲಿಗೆ ಹೋಗ್ತಿದ್ದೀರಿ ಅಂತ ಹೇಳೋದಕ್ಕೆ ನಿಮಗೇನು ಕಷ್ಟ?" ಎಂದರು.

"ನೀವು ಕೇಳೋದಕ್ಕೆ ಏನು ಅರ್ಜೆಂಟು?" ಎಂದು ನಾಗರಾಜಪ್ಪನವರು ಮೇಜು ಗುದ್ದಿದರು. ಚಟ್ನಿಪುಡಿಯ ಡಬ್ಬಿಯ ಮುಚ್ಚಳ ಹಾರಿತು. ಕೆಂಪು ಪುಡಿ ಹಸಿರು ಸೀರೆಯ ಮೇಲೆ ಚೆಲ್ಲಿತು.

ಗಂಗಾಶ್ರೀ ಸೀರೆಯನ್ನು ಎರಡು ಸಲ ಕೊಡವಿ, ಮಡಚಿ, ಒಳಗಿಟ್ಟಳು. ಸೂಟ್‌ಕೇಸಿನ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದು ನಿಂತಳು. ಹೆದರಿದ್ದಾಳೆ ಪಾಪ ಎಂದುಕೊಂಡರು ನಾಗರಾಜಪ್ಪನವರು.

ಒಳಗೆ ಹೋದ ಮೇಲಾದರೂ ನೆಮ್ಮದಿ ಉಂಟೇ? ಲಗೇಜು ತೂಕ ಮಾಡುವ ಹುಡುಗಿ ನಕ್ಕು, "ಎಲ್ಲಿಗೆ ಸಾರ್ ಪ್ರಯಾಣ?" ಎಂದಳು. ಅವಳ ನಗುವಿನಿಂದ ನಾಗರಾಜಪ್ಪನವರ ಸಿಟ್ಟು ಇನ್ನಷ್ಟು ಏರಿತು. ಅವಳ ಎದುರೇ ಸೂಟ್‌ಕೇಸಿನ ಮೇಲೆ ಕೂತು ನೀರು ಕುಡಿದರು. ಹಿಂದಿದ್ದ ಸಾಲು ಬಯ್ಯತೊಡಗಿತು. ಮೈ ತಪಾಸಣೆಯಾದ ಮೇಲೆ ಪಕ್ಕದ ಕುರ್ಚಿಯಲ್ಲಿದ್ದ ಹೊನ್ನಾಳಿಯ ಒಬ್ಬ ಸಂಭಾವಿತರು, "ತಾವು ಎಲ್ಲಿಯವರೆಗೆ?" ಎಂದು ವಿಚಾರಿಸಿದರು. ಆ ಸಂಭಾವಿತರು ಆಮೇಲೆ ಬೇರೆ ಕುರ್ಚಿಗೆ ಹೋಗಿ ಕೂತರು. ಇಷ್ಟರಲ್ಲಿ ಹಾಲಮ್ಮ ಎಷ್ಟು ಲೋಟದ ಮಟ್ಟಕ್ಕೆ ಬಂದಿದ್ದರೆಂಬುದನ್ನು ಬಿಡಿ, ವಿಮಾನ ಹತ್ತಿರೆಂದು ಕೊನೆಯ ಕರೆ ಬಂದಾಗ ಅವರು ಶೌಚಾಲಯದಲ್ಲಿದ್ದರು.

"ಸಾರ್, ಇನ್ನು ಮೂರು ನಿಮಿಷ. ಆಮೇಲೆ ಬಾಗಿಲು ಮುಚ್ತೀವಿ" ಎಂದ ಗೇಟಿನಲ್ಲಿದ್ದ ಕೆಂಪು ಟೈಯವನು.

"ನನ್ನ ತಾಯಿ ಒಳಗಿದ್ದಾಳೆ, ಕಾಣಲ್ಲೇನು? ಹಿಂಗೆಲ್ಲ ಆಗಿದ್ದು ನಿಮ್ಮಿಂದಲೇ. ನೀವು ಕೇಳ್ತೀರಿ, ನಾವು ಕುಡೀತೀವಿ!"

"ನಾವೇನು ಕೇಳಿದ್ವಿ ಸಾರ್?"

"ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡ!"

ಟೈಯವನು ಕೈಯಲ್ಲಿದ್ದ ವಾಕಿಟಾಕಿ ಎತ್ತಿ, ಇಷ್ಟು ಸಿಟ್ಟಿನಲ್ಲಿರುವ ಪ್ರಯಾಣಿಕರನ್ನು ವಿಮಾನ ಹತ್ತಿಸಿಕೊಳ್ಳುವುದು ಕಷ್ಟವಾಗುತ್ತದೆ ಎಂದು ಬಹಳ ಮರ್ಯಾದೆಯಿಂದ ತಿಳಿಸಿದ. ನಾಗರಾಜಪ್ಪನವರಿಗೆ ಬೇಕಾಗಿದ್ದದ್ದೂ ಅಷ್ಟೆ. ಎದೆ ಉಬ್ಬಿಸಿ, "ನಿನ್ನ ವಿಮಾನ ಯಾವನಿಗೆ ಬೇಕೋ! ಗಂಗಾ, ಎತ್ತು ಬ್ಯಾಗು. ನಡಿ ಮನೆಗೆ" ಎಂದರು.

ಗಂಗಾಶ್ರೀ ಬ್ಯಾಗು ಎತ್ತಿದಳು. ಶೌಚಾಲಯದಿಂದ ಬರುತ್ತಿದ್ದ ಅತ್ತೆಯ ಕೈ ಹಿಡಿದಳು. ಗಂಡನ ಪಕ್ಕದಿಂದಲೇ ಹಾದು ಗೇಟಿನವನ ಮುಂದೆ ಹೋಗಿ ಎರಡು ಬೋರ್ಡಿಂಗ್ ಪಾಸು ಚಾಚಿದಳು.

"ನಾವಿಬ್ರು ಬರ್ತೀವ್ರಿ. ಅವರನ್ನ ನೀವೇ ಕೇಳ್ಕೊಳ್ರಿ."

ತರೀಕೆರೆಯಲ್ಲಾಗಲಿ, ಸಾಗರದಲ್ಲಾಗಲಿ, ಶಿರಸಿಯಲ್ಲಾಗಲಿ ಹೀಗಾದದ್ದಿಲ್ಲ. ನಾಗರಾಜಪ್ಪನವರ ಬಾಯಿ ತೆರೆದದ್ದು ತೆರೆದೇ ಇತ್ತು. ಹಾಲಮ್ಮ ತಿರುಗಿ, "ಬಾರೋ, ಬಾಗಿಲು ಹಾಕ್ತಾರಂತೆ" ಎಂದರು. ಸಿಟ್ಟು ಇಳಿದವರನ್ನು ಟೈಯವನೂ ತಡೆಯಲಿಲ್ಲ. ತಾಯಿ ಕರೆದಳೆಂಬ ಒಂದೇ ಕಾರಣಕ್ಕೆ ತಾವು ವಿಮಾನ ಹತ್ತಿದ್ದೆಂದು ನಾಗರಾಜಪ್ಪನವರು ಆಮೇಲೆ ಎಲ್ಲರಿಗೂ ಹೇಳಿದರು.

ವಿಮಾನದಲ್ಲಿ ಗಂಗಾಶ್ರೀ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ನಾಗರಾಜಪ್ಪನವರು ಮುಂದಿನ ಸೀಟಿನ ಬೆನ್ನನ್ನು ದುರುಗುಟ್ಟಿ ನೋಡುತ್ತಿದ್ದರು. ಈ ವಿಮಾನ ಎಲ್ಲಿಗೆ ಹೋಗುತ್ತದೆಂದು ಪೈಲಟ್ಟು ಮೈಕಿನಲ್ಲಿ ಮೂರು ಭಾಷೆಯಲ್ಲಿ ಸಾರಿದಾಗ ಅವರು ಎರಡೂ ಕಿವಿಗೆ ಬೆರಳಿಟ್ಟುಕೊಂಡರು. ಗಗನಸಖಿ ನೀರು ತಂದಳು. ಹಾಲಮ್ಮ ಕೈ ಮುಗಿದರು.

ಗೋವಾದಲ್ಲಿ ಇಳಿದು ಹೊರಗೆ ಬಂದರೆ ಬಾಡಿಗೆ ಕಾರಿನ ಕೌಂಟರು. ಡ್ರೈವರ್ ಇಲ್ಲದ ಕಾರು, ನಾವೇ ಓಡಿಸಿಕೊಂಡು ಹೋಗುವಂಥದ್ದು. ಕೌಂಟರಿನ ಹಿಂದೆ ಕೂತಿದ್ದವನು ಇವರ ಮಾತು ಕೇಳಿಯೇ ಮುಖ ಅರಳಿಸಿದ.

"ಬರ್ರಿ ಬರ್ರಿ, ನಮ್ಮ ಕಡಿಯವ್ರ ಬಂದ್ರಿ. ನಾನು ಸಿದ್ಧಲಿಂಗೇಶ ಅಂತ್ರಿ, ಹಾನಗಲ್ಲ ಕಡಿಯವ್ನು. ಸೊರಬದಾಗ ನಮ್ಮ ಅಕ್ಕನ್ನ ಕೊಟ್ಟೀವ್ರಿ."

ಬೆಳಗಿನಿಂದ ಮೊದಲನೆಯ ಸಲ ನಾಗರಾಜಪ್ಪನವರ ಹುಬ್ಬು ಸಡಿಲವಾಯಿತು. ತಮ್ಮ ಲೈಸೆನ್ಸ್ ತೆಗೆದು ಮೇಜಿನ ಮೇಲೆ ಇಟ್ಟರು. ಸಿದ್ಧಲಿಂಗೇಶ ಅದನ್ನು ನೋಡಿ, ಕಂಪ್ಯೂಟರ್ ನೋಡಿ, ಲೈಸೆನ್ಸನ್ನು ಮೆಲ್ಲಗೆ ವಾಪಸ್ಸು ತಳ್ಳಿದ.

"ಗಾಡಿ ಅಕ್ಕಾರ ಹೆಸರಿನ್ಯಾಗ ಬುಕ್ ಆಗೇತ್ರಿ. ಅವರ ಲೈಸೆನ್ಸ್ ಬೇಕು."

ಗಂಗಾಶ್ರೀ ಪರ್ಸಿನಿಂದ ತನ್ನ ಲೈಸೆನ್ಸ್ ತೆಗೆದುಕೊಟ್ಟಳು. ಹೋದ ವರ್ಷ ಅವಳು ಡ್ರೈವಿಂಗ್ ಸ್ಕೂಲಿಗೆ ಸೇರಿದಾಗ ನಾಗರಾಜಪ್ಪನವರು ಒಂದು ವಾರ ನಕ್ಕಿದ್ದರು. ಅಷ್ಟು ನಕ್ಕ ಮೇಲೆ ಆ ವಿಷಯವನ್ನು ಮರೆತಿದ್ದರು. ಅವಳು ಪಾಸಾದಳೋ ಇಲ್ಲವೋ ಎಂದು ವಿಚಾರಿಸಿರಲಿಲ್ಲ.

"ಇದ್ಯಾವಾಗ ಮಾಡ್ಸಿದ್ಯೇ?" ಎಂದರು.

"ಎಂಟು ತಿಂಗಳಾತು" ಎಂದಳು ಗಂಗಾಶ್ರೀ.

ಸಿದ್ಧಲಿಂಗೇಶ ಫಾರಂ ತುಂಬುತ್ತಾ ಹೋದ. ಹೆಸರು ಬರೆದ, ಊರು ಬರೆದ, ಫೋನ್ ನಂಬರ್ ಬರೆದ. ಆಮೇಲೆ ಪೆನ್ನು ಎತ್ತಿ ಗಂಗಾಶ್ರೀಯ ಮುಖ ನೋಡಿ ಬಹಳ ವಿಶ್ವಾಸದಿಂದ ಕೇಳಿದ: "ಎಲ್ಲಿಗೆ ಹೊಂಟೀರಿ ಅಕ್ಕಾರ?"

ಬೆಳಗಿನಿಂದ ಕಾದು ಕೂತಿದ್ದ ನಾಗರಾಜಪ್ಪನವರು ಆಗ ಸಿಡಿದರು. "ಆ ಜವಾನ ಕೇಳಿದ, ಪರದೇಶದವನು, ಅವನಿಗೆ ಗೊತ್ತಿಲ್ಲ. ಆ ಹುಡುಗಿ ಕೇಳಿದ್ಲು, ಅವಳಿಗೆ ಯಾರೂ ಕಲಿಸಿಲ್ಲ. ನೀನು! ಹಾನಗಲ್ಲವನಾಗಿ! ಸೊರಬಕ್ಕೆ ಹೆಣ್ಣು ಕೊಟ್ಟವನಾಗಿ! ನಿನಗೂ ಗೊತ್ತಿಲ್ಲೇನೋ ಹಂಗೆ ಕೇಳ್ಬಾರ್ದು ಅಂತ?"

"ಗೊತ್ತೈತ್ರಿ ಯಜಮಾನ್ರ" ಎಂದ ಸಿದ್ಧಲಿಂಗೇಶ ಹೌಹಾರಿ. "ನಮ್ಮ ಮನ್ಯಾಗ ನಾವೂ ಕೇಳಂಗಿಲ್ಲ. ಆದ್ರ ಇಲ್ಲಿ ಫಾರಂ ಕೇಳ್ತೈತ್ರಿ. ಬರೀಲಿಲ್ಲಂದ್ರ ಮಾಲಕ ನನ್ನ ಮನಿಗೆ ಕಳಸ್ತಾನ. ತಡ್ರಿ, ಕುಡಿಯಾಕ ನೀರು ತರ್ತೀನಿ."

"ನನಗೆ ಮಾತ್ರ ಬ್ಯಾಡಪ್ಪೋ!" ಎಂದು ಹಾಲಮ್ಮ ಕೂಗಿದರು.

"ಯಾರಿಗೂ ಬ್ಯಾಡ! ಈ ಪ್ರವಾಸ ಕೆಟ್ಟೋತು. ಇನ್ನು ನಾನು ಒಂದು ಹೆಜ್ಜೆ ಮುಂದಕ್ಕಿಡಲ್ಲ. ಸಂಜೆ ಬಸ್ಸಿಗೆ ವಾಪಸ್ ಹೋಗೋಣ. ಮುಗೀತು!" ಎಂದು ಸಾರಿ ನಾಗರಾಜಪ್ಪನವರು ದಾಪುಗಾಲು ಹಾಕುತ್ತಾ ಹೋಗಿ, ಇಪ್ಪತ್ತು ಹೆಜ್ಜೆ ಆಚೆಯ ಬೆಂಚಿನ ಮೇಲೆ ಎಲ್ಲರಿಗೂ ಬೆನ್ನು ತೋರಿಸಿ ಕೂತರು.

ಹೀಗೆ ಬೆನ್ನು ತೋರಿಸಿ ಕೂತ ಮೇಲೆ ಏನಾಗುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೊದಲು ಐದು ನಿಮಿಷ ಸದ್ದಿರುವುದಿಲ್ಲ. ಆಮೇಲೆ ಸೂಟ್‌ಕೇಸಿನ ಗಾಲಿಯ ಸದ್ದು ಹತ್ತಿರ ಬರುತ್ತದೆ. ಆಮೇಲೆ ಪಕ್ಕದಲ್ಲಿ ಗಂಗಾಶ್ರೀ ನಿಂತಿರುತ್ತಾಳೆ. ಅವರು ಕಾದರು. ಗಾಲಿಯ ಸದ್ದೇನೋ ಬಂತು, ಆದರೆ ಅದು ದೂರ ಹೋಯಿತು. ಕಾರಿನ ಬಾಗಿಲು ಮುಚ್ಚಿದ ಸದ್ದು ಬಂತು, ಒಂದಲ್ಲ ಎರಡು. ಇಂಜಿನ್ನು ಒಮ್ಮೆ ಗಕ್ಕನೆ ನಿಂತು ಮತ್ತೆ ಶುರುವಾಯಿತು. ಹೆದರಿಸುತ್ತಿದ್ದಾಳೆ ಎಂದುಕೊಂಡು ನಾಗರಾಜಪ್ಪನವರು ತಿರುಗಲಿಲ್ಲ. ತಿರುಗಿದಾಗ ಒಂದು ಬಿಳಿ ಕಾರು ಗೇಟು ದಾಟಿ, ಇಂಡಿಕೇಟರ್ ಹಾಕಿ, ಬಹಳ ನಿಧಾನವಾಗಿ ಬಲಕ್ಕೆ ಹೊರಳುತ್ತಿತ್ತು.

ಸೂಟ್‌ಕೇಸು ಇಲ್ಲ, ತಾಯಿ ಇಲ್ಲ, ರೊಟ್ಟಿಯೂ ಇಲ್ಲ. ನಾಗರಾಜಪ್ಪನವರು ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಬಯ್ಯಲು ಎದುರಿಗೆ ಯಾರೂ ಇರಲಿಲ್ಲ. ಹತ್ತು ನಿಮಿಷ ಹಾಗೇ ಹಲ್ಲು ಕಚ್ಚಿಕೊಂಡು ನಿಂತು, ಕೊನೆಗೆ ಟ್ಯಾಕ್ಸಿಯವನ ಹತ್ತಿರ ಹೋಗಿ, "ನಡಿ, ಹೋಗೋಣ" ಎಂದರು.

ಟ್ಯಾಕ್ಸಿಯವನು ಕೇಳಬೇಕಾದದ್ದನ್ನೇ ಕೇಳಿದ. ನಾಗರಾಜಪ್ಪನವರಿಗೆ ಸಿಟ್ಟು ಬರಲಿಲ್ಲ. ಉತ್ತರವೂ ಬರಲಿಲ್ಲ. ಗೋವಾ ಎಂಬುದು ಟಿಕೆಟ್ಟಿನ ಮೇಲಿತ್ತು. ಅಲ್ಲಿಂದ ಮುಂದೆ ಯಾವ ಊರು, ಯಾವ ಮನೆಯಲ್ಲಿ ಇಳಿಯುವುದು ಎಂದು ಹೇಳಲು ಗಂಗಾಶ್ರೀ ಎರಡು ಸಲ ಅಂಗಡಿಯ ತನಕ ಬಂದಿದ್ದಳು. ಎರಡೂ ಸಲ ಅವರು, "ಹೊರಡೋ ಮುಂಚೆ ಊರ ಹೆಸರು ಎತ್ತಬೇಡ, ನಡಿ ಮನೆಗೆ" ಎಂದು ಗದರಿ ಕಳಿಸಿದ್ದರು.

ಸಿದ್ಧಲಿಂಗೇಶನ ಹತ್ತಿರ ಹೋಗಿ ದನಿ ತಗ್ಗಿಸಿ, "ಆ ಫಾರಮ್ಮಿನಲ್ಲಿ ಏನು ಬರೆಸಿದ್ಲಪ್ಪಾ?" ಎಂದರು.

"ಬ್ಯಾರೇದವ್ರಿಗೆ ಹೇಳಬ್ಯಾಡ ಅಂದಾರ್ರಿ ಅಕ್ಕಾರು" ಎಂದ ಅವನು ನೆಲ ನೋಡುತ್ತಾ. "ಬೇಕಿದ್ರ ನೀವ ಅವರಿಗೆ ಫೋನ್ ಹಚ್ಚಿ ಕೇಳ್ಬೇಕಂತ್ರಿ."

ನಾಗರಾಜಪ್ಪನವರು ಫೋನು ಹಚ್ಚಿದರು. ಎತ್ತಿದ್ದು ಹಾಲಮ್ಮ.

"ಏನೋ ನಾಗರಾಜ? ನಿನ್ನ ಹೆಂಡ್ತಿ ಗಾಡಿ ಭಾಳ ಚೆಂದ ಓಡಿಸ್ತಾಳೆ ಕಣೋ. ಒಂದು ಮಾತು ಬಯ್ಯಲ್ಲ ಯಾರಿಗೂ."

"ಅವಳಿಗೆ ಕೊಡವ್ವ."

"ಓಡಿಸ್ವಾಗ ಮಾತಾಡ್ಬಾರ್ದಂತೆ."

"ನಿಲ್ಸೋಕೆ ಹೇಳವ್ವ. ಒಂದೇ ಮಾತು."

ಕಾರು ನಿಂತದ್ದು ಕೇಳಿಸಿತು. ಗಂಗಾಶ್ರೀ ಫೋನು ತೆಗೆದುಕೊಂಡಳು. ನಾಗರಾಜಪ್ಪನವರು ಗಂಟಲು ಸರಿಮಾಡಿಕೊಂಡರು. ಆಚೀಚೆ ನೋಡಿದರು.

"ಗಂಗಾ… ಎಲ್ಲಿಗೆ ಹೊಂಟೀಯೇ?"

"ಕೇಳಿಸ್ಲಿಲ್ರಿ. ಗಾಳಿ ಐತೆ."

"ಎಲ್ಲಿಗೆ ಹೊಂಟೀಯ ಅಂದೆ!" ಟ್ಯಾಕ್ಸಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಬಂದಿತ್ತು ಮಾತು. ಅವರೇ ದನಿ ಇಳಿಸಿದರು. "ನೀನು ಎಲ್ಲಿಗೆ ಹೋಗ್ಬೇಕು ಅಂತಿದ್ದೀಯ, ಹೇಳು."

ಆ ಕಡೆ ಕಾರಿನ ಇಂಜಿನ್ನು ಆರಿಸಿದ ಸದ್ದು ಬಂತು.

"ಮದುವೆಯಾಗಿ ಇಪ್ಪತ್ತಾರು ವರ್ಷ ಆತ್ರಿ" ಎಂದಳು ಗಂಗಾಶ್ರೀ. ಅವಳ ದನಿಯಲ್ಲಿದ್ದದ್ದು ಅಳುವಲ್ಲ, ಸಿಟ್ಟು. ಬಹಳ ದಿನದಿಂದ ಮುಚ್ಚಿಟ್ಟಿದ್ದ ಸಿಟ್ಟು. "ನೀವು ನನ್ನನ್ನ ಈ ಮಾತು ಕೇಳಿದ್ದು ಇವತ್ತೇ ಮೊದಲು."

ನಾಗರಾಜಪ್ಪನವರು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು.

"ಬರ್ಕೊಳ್ರಿ, ಹೇಳ್ತೀನಿ" ಎಂದಳು. "ಬರೋದಾದ್ರೆ ನೀವೇ ಬರ್ರಿ. ನಾನಂತೂ ಗಾಡಿ ತಿರುಗ್ಸಲ್ಲ."

ನಾಗರಾಜಪ್ಪನವರು ಸಿದ್ಧಲಿಂಗೇಶನ ಕಡೆ ಕೈ ಚಾಚಿ ಪೆನ್ನು ಕೇಳಿದರು.